ಹೆರಿಗೆ ಕೋಣೆಯೊಳಗೆ ಅವ್ವನನ್ನು ಬಿಡಿ ಎಂದು ಕೇಳಬಹುದೇ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯವಳು. ಎರಡೂವರೆ ವರ್ಷದ ಹಿಂದೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಮೊದಲ ಹೆರಿಗೆ ಆಯಿತು. ನೋವು ತಿನ್ನುವಾಗ ಕೂಗಿದೆನೆಂದು ಬೈದರು, ತೊಡೆಗೆ ಹೊಡೆದರು. ನಮ್ಮವ್ವನನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಕೆಳಗೆ ಕೊಯ್ದಿದ್ದಾರೆಂಬುದು ಹೊಲಿಗೆ ಹಾಕುವಾಗ ಗೊತ್ತಾಯಿತು, ಒಂದೊಂದು ಹೊಲಿಗೆಯೂ ಜೀವಕ್ಕೆ ತಾಗಿತು. ಕೂಸನ್ನು ತೋರಿಸುವುದಕ್ಕೆ ಆಯಾ ದುಡ್ಡು ಕೇಳಿದರು. ಈಗ ಮತ್ತೆ ಏಳು ತಿಂಗಳು ತುಂಬಿದೆ, ರಕ್ತ 9.2 ಇದೆ ಎಂದಿದ್ದಾರೆ. ಆ ಬಾಗಿಲು ನೆನಪಾದರೆ ಕೈಕಾಲು ತಣ್ಣಗಾಗುತ್ತವೆ. ಸಾಲ ಮಾಡಿ ಕಲಬುರಗಿಯ ಖಾಸಗಿ ದವಾಖಾನೆಗೆ ಹೋಗಲೇ, ಮನೆಯಲ್ಲೇ ಹಡೆಯಲೇ, ಇಲ್ಲವೇ ಸರ್ಕಾರಿ ಆಸ್ಪತ್ರೆಗೇ ಹೋಗಿ ಈ ಸಲ ಅವ್ವನನ್ನು ಒಳಗೆ ಬಿಡಿ ಎಂದು ಕೇಳಲೇ? ಕೇಳಿದರೆ ಅವರು ಇನ್ನಷ್ಟು ಸಿಟ್ಟಾಗುವುದಿಲ್ಲವೇ?

ಉತ್ತರ: ತಂಗಿ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಕೇಳಬಹುದು, ಕೇಳಲೇಬೇಕು. ಹೆರಿಗೆಯ ಹೊತ್ತಿನಲ್ಲಿ ತಾಯಿಯ ಜೊತೆಗೆ ಆಕೆಗೆ ಬೇಕಾದ ಒಬ್ಬ ಹೆಣ್ಣುಮಗಳು ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. 2017ರ ಡಿಸೆಂಬರಿನಲ್ಲಿ ಆರಂಭವಾದ 'ಲಕ್ಷ್ಯ' ಎಂಬ ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಗಳ ಗುಣಮಟ್ಟವನ್ನು ಅಳೆಯುವಾಗ, ಜೊತೆಗಾರ್ತಿಯನ್ನು ಒಳಗೆ ಬಿಟ್ಟಿದ್ದಾರೆಯೇ, ತಾಯಿಯೊಡನೆ ಗೌರವದಿಂದ ನಡೆದುಕೊಂಡಿದ್ದಾರೆಯೇ, ಮರೆಗೆ ಪರದೆ ಇದೆಯೇ ಎಂಬುದನ್ನೂ ನೋಡಲಾಗುತ್ತದೆ. ಆದ್ದರಿಂದ ನೀವು ಕೇಳುತ್ತಿರುವುದು ಯಾರ ದಯೆಯನ್ನೂ ಅಲ್ಲ. ಆಸ್ಪತ್ರೆಯು ಮಾಡಬೇಕಾಗಿರುವ ಕೆಲಸವನ್ನೇ ನೆನಪಿಸುತ್ತಿದ್ದೀರಿ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಲಬುರಗಿ, ಬೀದರ್, ಯಾದಗಿರಿ ಭಾಗದ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸಿದವಳು. ನಿಮ್ಮ ಪತ್ರದಲ್ಲಿರುವ ಒಂದೊಂದು ಸಂಗತಿಯನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಮೇಜಿನ ಮೇಲಿದ್ದ ಹೆಣ್ಣುಮಕ್ಕಳ ಮೇಲೆ ದನಿ ಎತ್ತರಿಸಿದ್ದುಂಟು. ಅದನ್ನು ಬಿಡಿಸಿದ್ದು ಒಂದು ರಾತ್ರಿ. ಒಬ್ಬ ಬಾಣಂತಿಗೆ ಹೆರಿಗೆಯಾಗಿ ಒಂದು ತಾಸು ಕಳೆದಿತ್ತು. ಆಕೆ ಎರಡು ಸಲ ಕೈಯೆತ್ತಿ ಏನನ್ನೋ ಹೇಳಲು ಹೋಗಿ, ಎರಡು ಸಲವೂ 'ಸುಮ್ಮನ ಮಲಕೋ' ಎಂದು ಬೈಸಿಕೊಂಡಿದ್ದಳು. ಮೂರನೆಯ ಸಲ ಆಕೆ ಕೈಯೆತ್ತಲೇ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕಸ ಗುಡಿಸಲು ಬಂದ ಹೆಂಗಸಿನ ಪಾದಕ್ಕೆ ಮಂಚದ ಕೆಳಗೆ ಏನೋ ಬೆಚ್ಚಗೆ ತಾಗಿ, ಆಕೆ ಕೂಗಿದ ಮೇಲೆ ನಾವು ಹೊದಿಕೆ ಎತ್ತಿ ನೋಡಿದರೆ, ಹಾಸಿದ ಬಟ್ಟೆಯಷ್ಟೂ ರಕ್ತದಲ್ಲಿ ತೊಯ್ದು ರಬ್ಬರ್ ಹಾಳೆಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಆಕೆ ಬದುಕಿದಳು. ಆದರೆ ಆ ಎರಡು ಬೈಗುಳಗಳಿಗೂ ಆಕೆ ಕಳೆದುಕೊಂಡ ರಕ್ತಕ್ಕೂ ಇದ್ದ ಸಂಬಂಧವನ್ನು ನಾನು ಅಂದಿನಿಂದ ಮರೆತಿಲ್ಲ. ಅಂಜಿದ ತಾಯಿ ಏನಾಗುತ್ತಿದೆ ಎಂದು ಹೇಳುವುದಿಲ್ಲ, ಹೇಳದಿದ್ದರೆ ನಮಗೆ ತಿಳಿಯುವುದಿಲ್ಲ. ಅದಕ್ಕೇ, ಗೌರವದಿಂದ ನಡೆದುಕೊಳ್ಳುವುದು ಚಿಕಿತ್ಸೆಯ ಜೊತೆಗೆ ಬರುವ ಸೌಜನ್ಯವೆಂದು ನಾನು ಒಪ್ಪುವುದಿಲ್ಲ, ಅದು ಚಿಕಿತ್ಸೆಯದೇ ಭಾಗ.

ನಿಮ್ಮ ತೊಡೆಗೆ ಹೊಡೆದದ್ದಕ್ಕೆ ಯಾವ ವೈದ್ಯಶಾಸ್ತ್ರದಲ್ಲಿಯೂ ಸಮರ್ಥನೆ ಇಲ್ಲ. 'ಹೊಡೆದರೆ ಮುಕ್ಕುತ್ತಾರೆ, ಇಲ್ಲದಿದ್ದರೆ ಕೂಸಿಗೆ ಉಸಿರು ಕಟ್ಟುತ್ತದೆ' ಎಂಬ ಮಾತನ್ನು ಹೆರಿಗೆ ಕೋಣೆಗಳಲ್ಲಿ ಹಿರಿಯರು ಕಿರಿಯರಿಗೆ ಕಲಿಸಿಕೊಡುತ್ತ ಬಂದಿದ್ದಾರೆ, ಅದು ಸುಳ್ಳು. ಹೆದರಿದಾಗ ದೇಹದಲ್ಲಿ ಸ್ರವಿಸುವ ರಸಗಳು ಗರ್ಭಕೋಶದ ಸಂಕೋಚನವನ್ನು ತಗ್ಗಿಸಬಲ್ಲವು, ಮೈ ಬಿಗಿಯಾಗುತ್ತದೆ, ಬೇನೆ ಉದ್ದವಾಗುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಸ್ಟಾಫ್ ನರ್ಸ್ ಮೂರ್ನಾಲ್ಕು ಹೆರಿಗೆಗಳನ್ನು ನೋಡಿಕೊಳ್ಳುತ್ತ, ಬೇಸಿಗೆಯ ಧಗೆಯಲ್ಲಿ ಕರೆಂಟ್ ಇಲ್ಲದೆ, ನೀರು ಸಾಲದೆ ಬೆಳಗು ಮಾಡುವುದನ್ನು ನಾನು ಬಲ್ಲೆ. ಆಕೆಗೆ ಯಾಕೆ ಸಿಟ್ಟು ಬಂತೆಂಬುದನ್ನು ಅದು ತಿಳಿಸುತ್ತದೆ, ಆದರೆ ಎತ್ತಿದ ಕೈಗೆ ಅದು ನೆಪವಾಗಲಾರದು. ಆ ರಾತ್ರಿ ತಪ್ಪು ನಿಮ್ಮದಾಗಿರಲಿಲ್ಲ. ಬೇನೆ ಬಂದಾಗ ಕೂಗುವುದು ಯಾರಿಗೂ ಮಾಡಿದ ಅಪಚಾರವಲ್ಲ.

ಇನ್ನು ನೀವು ಅರ್ಧ ಸಾಲಿನಲ್ಲಿ ಬರೆದು ಮುಂದೆ ಹೋದ ಸಂಗತಿಯ ಹತ್ತಿರ ನಾನು ನಿಲ್ಲಬೇಕಾಗಿದೆ. ನಿಮ್ಮ ರಕ್ತ 9.2. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತೇವೆ, 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ಎಲ್ಲಿ ಹಡೆಯಬೇಕು ಎಂಬ ನಿಮ್ಮ ಪ್ರಶ್ನೆಯನ್ನು ಮಿಕ್ಕೆಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಈ ಅಂಕಿಯೇ. ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವ ಎಂದು ಎಣಿಸುತ್ತೇವೆ, ಮೈಯಲ್ಲಿ ರಕ್ತ ತುಂಬಿರುವ ಹೆಣ್ಣುಮಗಳು ಅಷ್ಟನ್ನು ಹೇಗೋ ತಡೆದುಕೊಂಡಾಳು, ಮೊದಲೇ ಬಿಳಿಚಿಕೊಂಡವಳಿಗೆ ಅದಕ್ಕಿಂತ ಕಡಿಮೆ ಹೋದರೂ ಜೀವಕ್ಕೆ ಬರುತ್ತದೆ.

ಅದೃಷ್ಟಕ್ಕೆ ನಿಮ್ಮ ಕೈಯಲ್ಲಿ ಇನ್ನೂ ಎರಡು ತಿಂಗಳಿವೆ. ಈ ಹಂತದಲ್ಲಿ ಸಾಮಾನ್ಯವಾಗಿ ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೆ ಎರಡರಂತೆ ಕೊಡುತ್ತಾರೆ. ನಮ್ಮ ಭಾಗದಲ್ಲಿ ಆ ಮಾತ್ರೆ ಕೆಲಸ ಮಾಡದಿರುವುದಕ್ಕೆ ನಾನು ಕಂಡ ದೊಡ್ಡ ಕಾರಣ ಚಹಾ. ಊಟ ಮುಗಿದ ಕೂಡಲೇ ಚಹಾ ಕುಡಿದು ಅದರ ಮೇಲೆ ಮಾತ್ರೆ ನುಂಗಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಸುಣ್ಣದ ಮಾತ್ರೆ ಎಂದು ಕೊಡುವ ಕ್ಯಾಲ್ಸಿಯಂ ಜೊತೆಯಲ್ಲೂ ಇದನ್ನು ತೆಗೆದುಕೊಳ್ಳಬಾರದು, ನಡುವೆ ಎರಡು ತಾಸಾದರೂ ಬಿಡಬೇಕು. ಲಿಂಬೆಹಣ್ಣಿನ ನೀರಿನೊಂದಿಗೆ ನುಂಗಿದರೆ ಒಳ್ಳೆಯದು. ಮಲ ಕಪ್ಪಗಾದರೆ ಹೆದರಿ ನಿಲ್ಲಿಸಬೇಡಿ, ಅದು ಮಾತ್ರೆಯ ಬಣ್ಣ. ತಿಂಗಳಿಗೆ ಕನಿಷ್ಠ ಒಂದು ಅಂಕಿಯಾದರೂ ಏರಬೇಕು, ಏರದಿದ್ದರೆ ಅಥವಾ ಮಾತ್ರೆಯಿಂದ ವಾಂತಿಯಾಗುತ್ತಿದ್ದರೆ ನರಕ್ಕೆ ಕೊಡುವ ಕಬ್ಬಿಣಾಂಶದ ಇಂಜೆಕ್ಷನ್ ಇದೆ, ಏಳು ತಿಂಗಳು ದಾಟಿದವರಿಗೆ ನಾವು ಅದನ್ನೇ ಬೇಗ ಯೋಚಿಸುತ್ತೇವೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರೇ ನೋಡುವ ದಿನ. ಮುಂದಿನ 9ಕ್ಕೆ ತಾಯಿ ಕಾರ್ಡ್ ಹಿಡಿದು ಹೋಗಿ, 'ನಂಗ ಇಂಜೆಕ್ಷನ್ ಬೇಕಾಗ್ತದೇನ್ರಿ ಡಾಕ್ಟರ್' ಎಂದು ನೀವಾಗಿಯೇ ಕೇಳಿ.

ಇದೇ ಕಾರಣಕ್ಕೆ ಮನೆಯಲ್ಲಿ ಹಡೆಯುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಸೂಲಗಿತ್ತಿಯರ ಬಗ್ಗೆ ನನಗೆ ತುಂಬು ಗೌರವವಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮಂಥವರಿಗೆ ಆದ ಸಂತೋಷ ಸಣ್ಣದಲ್ಲ. ಬೆನ್ನು ತಿಕ್ಕುತ್ತ, ಮಾತಾಡಿಸುತ್ತ, ಬೇನೆ ಮುಗಿಯುವವರೆಗೂ ಪಕ್ಕದಿಂದ ಏಳದೆ ಕೂತಿರುವ ಆ ವಿದ್ಯೆಯನ್ನು ನಾವು ಆಸ್ಪತ್ರೆ ಕಟ್ಟುವಾಗ ಹೊರಗೇ ಬಿಟ್ಟು ಬಂದೆವು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆದರೆ ಹೆರಿಗೆಯ ನಂತರ ಯಾರಿಗೆ ರಕ್ತ ಸುರಿಯುತ್ತದೆ ಎಂದು ಮುಂಚಿತವಾಗಿ ಹೇಳಲು ಸೂಲಗಿತ್ತಿಗೂ ಆಗದು, ನನಗೂ ಆಗದು. ಹಾಗೆ ಸುರಿದವರಲ್ಲಿ ಹೆಚ್ಚಿನವರು ಯಾವ ತೊಂದರೆಯ ಸೂಚನೆಯೂ ಇಲ್ಲದವರೇ. ತೀರ ಜೋರಾಗಿ ಸುರಿದರೆ ಎರಡು ತಾಸಿನೊಳಗೆ ಜೀವ ಹೋಗಬಹುದು. ಕೂಸು ಹೊರಬಂದ ಒಂದು ನಿಮಿಷದೊಳಗೆ ತೊಡೆಗೆ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್, ಬೇಕಾದರೆ ಏರಿಸಲು ರಕ್ತ, ಇವೆರಡೂ ಮನೆಯಲ್ಲಿ ಇರುವುದಿಲ್ಲ.

ಖಾಸಗಿ ಆಸ್ಪತ್ರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ಅಲ್ಲಿ ಕೋಣೆ ಸ್ವಚ್ಛವಾಗಿರಬಹುದು, ಮಾತು ಮೆತ್ತಗಿರಬಹುದು, ಆದರೆ ಸಾಲದ ದುಡ್ಡಿನಿಂದ ಗೌರವವನ್ನು ಖಾತ್ರಿಯಾಗಿ ಕೊಂಡುಕೊಳ್ಳಬಹುದೆಂದು ನಾನು ಹೇಳಲಾರೆ. ಸಾಲ ಮಾಡಿದ ಮನೆಯ ಬಾಣಂತಿ ಮೂರನೇ ತಿಂಗಳಿಗೆ ಕೂಸನ್ನು ಕಟ್ಟಿಕೊಂಡು ಪುಣೆಗೋ ಬೆಂಗಳೂರಿಗೋ ದುಡಿಯಲು ಹೋಗುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಹೋಗುವುದೇ ಆದರೆ ಮೊದಲೇ ಹೋಗಿ, ರಾತ್ರಿ ಹೆರಿಗೆ ತಜ್ಞರು ಮತ್ತು ಅರಿವಳಿಕೆ ವೈದ್ಯರು ಇರುತ್ತಾರೆಯೇ, ರಕ್ತ ಎಲ್ಲಿಂದ ಬರುತ್ತದೆ, ತಮ್ಮ ಕೈ ಮೀರಿದರೆ ಎಲ್ಲಿಗೆ ಕಳಿಸುತ್ತಾರೆ ಎಂದು ಕೇಳಿ. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯೇ ಹೇಳುತ್ತದೆ, ಅದನ್ನು ಓದಿ.

ನನ್ನ ಸಲಹೆ ಕೇಳಿದರೆ, ರಕ್ತ ಶೇಖರಣೆಯೂ ಶಸ್ತ್ರಚಿಕಿತ್ಸೆಯೂ ಇರುವ ಸರ್ಕಾರಿ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ. ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಎಷ್ಟೇ ಒಳ್ಳೆಯವರಾಗಿದ್ದರೂ ಅಲ್ಲಿ ರಕ್ತ ಇರುವುದಿಲ್ಲ. ಎಂಟೂವರೆ ತಿಂಗಳಿಗೂ ರಕ್ತ 10 ದಾಟದಿದ್ದರೆ ಜಿಲ್ಲಾ ಕೇಂದ್ರಕ್ಕೇ ಬನ್ನಿ. ಈಗ ಯಾದಗಿರಿ, ಬೀದರ್, ಕಲಬುರಗಿ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಮೊದಲ ಹೆರಿಗೆಯಾದ ಆಸ್ಪತ್ರೆಗೇ ಹೋಗಬೇಕೆಂಬ ಕಟ್ಟುಪಾಡು ಎಲ್ಲಿಯೂ ಇಲ್ಲ. ತಾಯಿ ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ತವರಿನ ಕಡೆಯ ಆಸ್ಪತ್ರೆಯಾದರೂ ಸರಿ.

ಈಗ ಅವ್ವನ ವಿಷಯ. ಕೇಳುವುದಕ್ಕೆ ಸರಿಯಾದ ಹೊತ್ತು ಬೇನೆ ಬಂದ ರಾತ್ರಿಯಲ್ಲ. ತಪಾಸಣೆಗೆ ಹೋದ ದಿನ, ಹಗಲಿನಲ್ಲಿ, ವೈದ್ಯರು ಕುಳಿತಿರುವಾಗ ಕೇಳಿ. ಅವ್ವನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮಾತು ಹೀಗಿದ್ದರೆ ಸಾಕು: 'ಮೇಡಮ್ಮರೇ, ಹೋದ ಸಲ ಹಡಿಯುವಾಗ ನಂಗ ಭಾಳ ಅಂಜಿಕಿ ಆಗಿತ್ರಿ. ಈ ಸಲ ನಮ್ಮವ್ವ ಬಾಜೂಕ ಇದ್ರ ನಂಗ ಧೈರ್ಯ ಬರ್ತದ್ರಿ. ಕಾರ್ಡಿನ್ಯಾಗ ಬರದು ಕೊಡ್ರಿ.' ಇದರಲ್ಲಿ ಯಾರ ಮೇಲೂ ದೂರಿಲ್ಲ, ಬೇಡಿಕೆ ಮಾತ್ರ ಸ್ಪಷ್ಟವಾಗಿದೆ. ಕಾರ್ಡಿನ ಮೇಲೆ ವೈದ್ಯರ ಕೈಬರಹದಲ್ಲಿ ಒಂದು ಸಾಲಿದ್ದರೆ, ರಾತ್ರಿ ಪಾಳಿಯ ಸಿಸ್ಟರ್ ಅದನ್ನು ತಳ್ಳಿಹಾಕುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಮಾರ್ಗಸೂಚಿಯಲ್ಲಿ ಕೆಲವು ನಿಬಂಧನೆಗಳೂ ಇವೆ: ಜೊತೆಗೆ ಬರುವವರು ಹೆಣ್ಣುಮಗಳಾಗಿರಬೇಕು, ಹಡೆದ ಅನುಭವವಿದ್ದರೆ ಉತ್ತಮ, ಅಂಟುರೋಗ ಇರಬಾರದು, ಒಗೆದ ಬಟ್ಟೆ ಉಟ್ಟಿರಬೇಕು, ಕೊನೆಯವರೆಗೂ ಇರಲು ಸಿದ್ಧರಿರಬೇಕು, ಚಿಕಿತ್ಸೆಯಲ್ಲಿ ಕೈಹಾಕಬಾರದು, ಪಕ್ಕದ ಮೇಜಿನ ಹೆಣ್ಣುಮಗಳ ಕಡೆ ಹೋಗಬಾರದು. ಈ ಕೊನೆಯದನ್ನು ಅವ್ವನಿಗೆ ಮುಂಚೆಯೇ ತಿಳಿಸಿ ಹೇಳಿ. ಒಳಗೆ ಬಂದ ಹಿರಿಯರು ಇನ್ನೊಬ್ಬಳ ಹೊಟ್ಟೆ ಮುಟ್ಟಿ ನೋಡಿದ್ದಕ್ಕೇ ಎಷ್ಟೋ ಕಡೆ ಎಲ್ಲರನ್ನೂ ಹೊರಗೆ ಹಾಕಿದ್ದುಂಟು.

ಜೊತೆಗಾರ್ತಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಚಿತ್ರ ನನ್ನ ಕಣ್ಣಮುಂದಿದೆ. ತಾಂಡಾದಿಂದ ಬಂದ ಹತ್ತೊಂಬತ್ತರ ಹುಡುಗಿಗೆ ನಮ್ಮ ಕನ್ನಡ ಅಷ್ಟಾಗಿ ತಿಳಿಯುತ್ತಿರಲಿಲ್ಲ. 'ಉಸಿರು ಬಿಡು' ಎಂದರೆ ಉಸಿರು ಹಿಡಿಯುತ್ತಿದ್ದಳು. ಆಕೆಯ ಅತ್ತೆಯನ್ನು ಒಳಗೆ ಕರೆದೆವು. ಆ ಹೆಣ್ಣುಮಗಳು ಗಾಜಿನ ಬಳೆ ಸರಿಸಿ, ಸೊಸೆಯ ನಡುವಿಗೆ ಅಂಗೈಯ ಬುಡವನ್ನು ಒತ್ತಿ ಹಿಡಿದು, ಲಂಬಾಣಿ ಮಾತಿನಲ್ಲಿ ಕಿವಿಯ ಹತ್ತಿರ ಏನನ್ನೋ ಹೇಳುತ್ತ ಕೂತರು. ಬೇನೆ ಬಂದಾಗ ಒತ್ತುವುದು, ಇಳಿದಾಗ ಬಿಡುವುದು, ನಡುವೆ ಸೆರಗಿನ ತುದಿಯಿಂದ ಮುಖ ಒರೆಸುವುದು. ಅರ್ಧ ತಾಸಿನಲ್ಲಿ ಹುಡುಗಿಯ ಭುಜ ಸಡಿಲಾಯಿತು. ನಾನು ಒಂದು ತಾಸಿನಿಂದ ಹೇಳುತ್ತಿದ್ದದ್ದನ್ನು ಆಕೆ ಆಗ ಮಾಡಿದಳು. ಅವರ ಕೈ ಮಾಡುತ್ತಿದ್ದ ಕೆಲಸವನ್ನು ನನ್ನ ಯಾವ ಔಷಧಿಯೂ ಮಾಡುತ್ತಿರಲಿಲ್ಲ.

ಕೊಯ್ತ ಮತ್ತು ಹೊಲಿಗೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಅಂಜಿಕೆಯ ಬೇರು ಅಲ್ಲಿಯೇ ಇದೆ ಎಂದು ಪತ್ರದಿಂದ ತಿಳಿಯುತ್ತದೆ. ಕೂಸಿನ ತಲೆ ಬರುವ ದಾರಿಯನ್ನು ಅಗಲ ಮಾಡಲು ಕೊಯ್ಯುವುದು ಕೆಲವು ಸಂದರ್ಭಗಳಲ್ಲಿ ಅಗತ್ಯ, ಕೂಸಿನ ಎದೆಬಡಿತ ಇಳಿದು ಬೇಗ ಹೊರತರಬೇಕಾದಾಗ, ಇಕ್ಕಳ ಹಾಕಬೇಕಾದಾಗ. ಮೊದಲ ಹೆರಿಗೆ ಎಂದು ಎಲ್ಲರಿಗೂ ಕೊಯ್ಯುವ ರೂಢಿ ತಪ್ಪೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರ ಶಿಫಾರಸುಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಹೋದ ಸಲ ಕೊಯ್ದಿದ್ದಾರೆ ಎಂದ ಮಾತ್ರಕ್ಕೆ ಈ ಸಲವೂ ಕೊಯ್ಯಬೇಕಾಗಿಲ್ಲ. ಎರಡನೆಯ ಹೆರಿಗೆಯಲ್ಲಿ ದಾರಿ ಸಾಮಾನ್ಯವಾಗಿ ಸಲೀಸಾಗಿರುತ್ತದೆ. ಕೊಯ್ಯಲೇಬೇಕಾಗಿ ಬಂದರೆ, ಅಥವಾ ತಾನೇ ಹರಿದರೆ, ಹೊಲಿಯುವ ಮೊದಲು ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎರಡು ಮೂರು ನಿಮಿಷ ಕಾದು, ಚಿಮುಟದಿಂದ ಮುಟ್ಟಿ 'ನೋವಾಗ್ತದೇನು' ಎಂದು ಕೇಳಿ, ಆಮೇಲೆ ಸೂಜಿ ಹಾಕಬೇಕು. ಲಿಗ್ನೋಕೇನ್ ಎಂಬ ಆ ಔಷಧಿ ದುಬಾರಿಯದೂ ಅಲ್ಲ, ಅಪರೂಪದ್ದೂ ಅಲ್ಲ, ಹೆರಿಗೆ ಕೋಣೆಯ ತಟ್ಟೆಯಲ್ಲಿ ಇರಲೇಬೇಕಾದದ್ದು. ಒಂದೊಂದು ಹೊಲಿಗೆಯೂ ನಿಮಗೆ ತಾಗಿತೆಂದರೆ ಒಂದೋ ಅದನ್ನು ಕೊಟ್ಟಿರಲಿಲ್ಲ, ಇಲ್ಲವೇ ಕೊಟ್ಟು ಕಾಯಲಿಲ್ಲ. ಈ ಸಲ 'ಹೊಲಿಗಿ ಹಾಕೂಕಿಂತ ಮೊದ್ಲ ಮರಗಟ್ಟೋ ಸೂಜಿ ಕೊಡ್ರಿ' ಎಂದು ಅವ್ವ ಹೇಳಿದರೂ ಸಾಕು.

ಇಲ್ಲಿ ನಿಮಗೆ ಒಂದು ಪ್ರಶ್ನೆ. ಮೊದಲ ಹೆರಿಗೆಯ ನಂತರ ಗಾಳಿಯನ್ನು ಅಥವಾ ಮಲವನ್ನು ತಡೆಹಿಡಿಯಲು ಕಷ್ಟವಾಗಿತ್ತೇ, ಈಗಲೂ ಆಗುತ್ತಿದೆಯೇ? ನಮ್ಮ ಹೆಣ್ಣುಮಕ್ಕಳು ಇದನ್ನು ಗಂಡನಿಗೂ ಹೇಳದೆ ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳುತ್ತಾರೆ. ಹಾಗಿದ್ದರೆ ಹರಿದ ಗಾಯ ಗುದದ್ವಾರದ ಸ್ನಾಯುವಿನವರೆಗೂ ಹೋಗಿರಬಹುದು. ಆಗ ಹೆರಿಗೆಗೆ ಮುಂಚೆ ತಜ್ಞರಿಗೆ ತೋರಿಸಿ, ಸಹಜ ಹೆರಿಗೆಯೋ ಸಿಸೇರಿಯನ್ನೋ ಎಂದು ನಿರ್ಧರಿಸಬೇಕಾಗುತ್ತದೆ. ಆ ತೊಂದರೆ ಇಲ್ಲದಿದ್ದರೆ ಹಳೆಯ ಹೊಲಿಗೆಯ ಬಗ್ಗೆ ಚಿಂತೆ ಬೇಡ.

ಒಳಪರೀಕ್ಷೆಯ ಬಗ್ಗೆಯೂ ತಿಳಿದಿರಲಿ. ಬೇನೆ ಚೆನ್ನಾಗಿ ಹತ್ತಿದ ಮೇಲೆ, ಎಲ್ಲ ಸರಿಯಾಗಿದ್ದರೆ, ನಾಲ್ಕು ತಾಸಿಗೊಮ್ಮೆ ಕೈಹಾಕಿ ನೋಡಿದರೆ ಸಾಕು. ಅದಕ್ಕಿಂತ ಹೆಚ್ಚು ಸಲ ನೋಡಬೇಕಾದರೆ ಕಾರಣವಿರಬೇಕು, ಆ ಕಾರಣವನ್ನು ನಿಮಗೆ ಹೇಳಬೇಕು. ಕಾಲೇಜು ಆಸ್ಪತ್ರೆಗಳಲ್ಲಿ ಕಲಿಯುವ ಮಕ್ಕಳಿರುತ್ತಾರೆ, ಅವರೂ ಕಲಿಯಬೇಕು ನಿಜ, ಆದರೆ ಒಬ್ಬರಾದ ಮೇಲೆ ಒಬ್ಬರು ಬಂದು ನೋಡುವುದನ್ನು ನೀವು ಬೇಡ ಎನ್ನಬಹುದು, ಅದರಿಂದ ಚಿಕಿತ್ಸೆ ನಿಲ್ಲುವಂತಿಲ್ಲ. ಪರದೆ ಎಳೆಯಿರಿ ಎಂದು ಹೇಳಬಹುದು. ಮೇಜಿನ ಮೇಲೆ ಮಲಗುವ ಹೊತ್ತು ಬರುವವರೆಗೂ ಓಡಾಡಬಹುದು, ಕೂತುಕೊಳ್ಳಬಹುದು, ಎಡಮಗ್ಗುಲಾಗಿ ಮಲಗಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ, ಅಂಥ ದಿನ ಬಾಯಿಗೆ ಹನಿ ನೀರೂ ಕೊಡದೆ ಹನ್ನೆರಡು ತಾಸು ಮಲಗಿಸಿದ್ದನ್ನು ಕಂಡಿದ್ದೇನೆ. ಶಸ್ತ್ರಚಿಕಿತ್ಸೆಯ ಸಾಧ್ಯತೆ ಇಲ್ಲದಿದ್ದರೆ ನೀರು, ಮಜ್ಜಿಗೆ, ಗಂಜಿ ಕುಡಿಯಬಹುದು, ವೈದ್ಯರನ್ನು ಒಂದು ಮಾತು ಕೇಳಿಕೊಳ್ಳಿ. ಆದರೆ ಯಾರಾದರೂ ಹೊಟ್ಟೆಯ ಮೇಲೆ ಮೊಣಕೈ ಊರಿ ಕೂಸನ್ನು ಕೆಳಗೆ ನೂಕಲು ಬಂದರೆ, 'ಒತ್ತಬ್ಯಾಡ್ರಿ' ಎಂದು ಅವ್ವ ಗಟ್ಟಿಯಾಗಿಯೇ ಹೇಳಲಿ. ಅದರಿಂದ ಗರ್ಭಕೋಶಕ್ಕೆ ಅಪಾಯವಿದೆ, ಹಾಗೆ ಮಾಡಬಾರದೆಂದು ಅದೇ 2018ರ ಶಿಫಾರಸುಗಳಲ್ಲಿದೆ.

ಸಹಿ ಅಥವಾ ಹೆಬ್ಬೆಟ್ಟಿನ ವಿಷಯ. ಏನು ಬರೆದಿದೆ ಎಂದು ನಿಮ್ಮ ಭಾಷೆಯಲ್ಲಿ ಓದಿ ಹೇಳದ ಕಾಗದಕ್ಕೆ ಒತ್ತಬೇಡಿ. ಹೆರಿಗೆಯಾದ ಕೂಡಲೇ ವಂಕಿ, ಅಂದರೆ ಕಾಪರ್ ಟಿ, ಹಾಕುವುದು ಒಳ್ಳೆಯ ವಿಧಾನವೇ, ನಾನೂ ಬಹಳ ಜನಕ್ಕೆ ಹಾಕಿದ್ದೇನೆ. ಆದರೆ ಬಸುರಿನಲ್ಲಿಯೇ ಕೇಳಿ, ಒಪ್ಪಿದವರಿಗೆ ಮಾತ್ರ ಹಾಕಬೇಕು. ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದು ಶಸ್ತ್ರಚಿಕಿತ್ಸೆಗೆ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದು ಗರ್ಭಕೋಶ ತೆಗೆದ ಪ್ರಕರಣದಲ್ಲಿಯೇ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ದೂರುಗಳು ಬಯಲಾಗಿ ತನಿಖೆ ನಡೆದದ್ದು ಈ ಭಾಗದವರಿಗೆಲ್ಲ ನೆನಪಿದೆ. ಅಲ್ಲಿ ಹೆಬ್ಬೆಟ್ಟು ಒತ್ತಿದ ಎಷ್ಟೋ ಜನಕ್ಕೆ ತಾವು ಯಾವುದಕ್ಕೆ ಒಪ್ಪಿದೆವೆಂಬುದೇ ತಿಳಿದಿರಲಿಲ್ಲ.

ಕೂಸನ್ನು ತೋರಿಸಲು ದುಡ್ಡು ಕೇಳಿದ್ದರ ಬಗ್ಗೆ. ಗಂಡಾದರೆ ಹೆಚ್ಚು, ಹೆಣ್ಣಾದರೆ ಕಡಿಮೆ ಎಂಬ ದರವೂ ಅಲ್ಲಲ್ಲಿ ನಡೆಯುತ್ತದೆ. ಅದನ್ನು 'ಖುಷಿ' ಎಂದು ಕರೆದರೂ ಅದು ಲಂಚವೇ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಸಹಜ ಹೆರಿಗೆಗೆ ಮೂರು ದಿನ ಮತ್ತು ಸಿಸೇರಿಯನ್‌ಗೆ ಏಳು ದಿನದವರೆಗಿನ ಊಟ, ಮನೆಯಿಂದ ಕರೆತರುವ ಹಾಗೂ ಮರಳಿ ಬಿಡುವ ವಾಹನ, ಇವೆಲ್ಲ ಉಚಿತ. ಕೂಸನ್ನು ನೋಡುವುದಕ್ಕೆ ಶುಲ್ಕವೆಂಬುದು ಎಲ್ಲಿಯೂ ಇಲ್ಲ. ಅಷ್ಟೇ ಅಲ್ಲ, ಉಸಿರಾಟ ಸರಿಯಿರುವ ಕೂಸನ್ನು ಹುಟ್ಟಿದ ತಕ್ಷಣ ಒರೆಸಿ ನಿಮ್ಮ ಬರಿಯ ಎದೆಯ ಮೇಲೆ ಮಲಗಿಸಿ, ಒಂದು ತಾಸಿನೊಳಗೆ ಹಾಲು ಹಚ್ಚಬೇಕು. ಕೂಸು ನಿಮ್ಮ ಎದೆಯ ಮೇಲಿದ್ದರೆ ಅದನ್ನು ಹೊರಗೊಯ್ದು ತೋರಿಸಿ ಕೈಚಾಚುವ ಸಂದರ್ಭವೇ ಬರುವುದಿಲ್ಲ.

ಹೆರಿಗೆಯ ನಂತರದ ಮೊದಲ ಎರಡು ತಾಸು ನನಗೆ ಹೆರಿಗೆಗಿಂತ ಹೆಚ್ಚು ಎಚ್ಚರದ ಹೊತ್ತು. ಹದಿನೈದು ನಿಮಿಷಕ್ಕೊಮ್ಮೆ ಯಾರಾದರೂ ಬಂದು ಹೊಟ್ಟೆ ಮುಟ್ಟಿ, ನಾಡಿ ಹಿಡಿದು, ಬಟ್ಟೆ ನೋಡಬೇಕು. ಬರದಿದ್ದರೆ ಅವ್ವ ನೋಡಲಿ: ಹೊಕ್ಕುಳದ ಕೆಳಗೆ ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಗಿ ಕೈಗೆ ಸಿಗಬೇಕು. ಮೆತ್ತಗಿದ್ದರೆ, ಐದು ನಿಮಿಷದಲ್ಲಿ ಒಂದು ಬಟ್ಟೆ ತೊಯ್ದರೆ, ನಿಮಗೆ ಕಣ್ಣು ಕತ್ತಲಿಟ್ಟರೆ, ಬೈಸಿಕೊಂಡರೂ ಸರಿ, ಜೋರಾಗಿ ಕೂಗಿ ಕರೆಯಿರಿ. ಸಹಜ ಹೆರಿಗೆಯಾದರೂ 48 ತಾಸು ಆಸ್ಪತ್ರೆಯಲ್ಲೇ ಇರಿ, ಮನೆಯಲ್ಲಿ ಹಿರಿಯ ಮಗು ಅಳುತ್ತದೆಂದು ಮರುದಿನವೇ ಹೊರಡಬೇಡಿ.

ಹಳೆಯ ದೂರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡಬಹುದು, 104ಕ್ಕೆ ಕರೆ ಮಾಡಿಯೂ ಹೇಳಬಹುದು. ದುಡ್ಡು ಕೇಳಿದ್ದರೆ ಲೋಕಾಯುಕ್ತವಿದೆ. ಖಾಸಗಿ ಆಸ್ಪತ್ರೆಯ ಮೇಲಿನ ದೂರಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಚಿಕಿತ್ಸೆಯ ದಾಖಲೆ ಕೇಳಿದರೆ 72 ತಾಸಿನೊಳಗೆ ಕೊಡಬೇಕೆಂಬುದು ವೈದ್ಯರ ನಡತೆಯ ನಿಯಮ, ಮೂರು ವರ್ಷ ಅದನ್ನು ಕಾಯ್ದಿಡಬೇಕು. ನಿಮ್ಮದು ಎರಡೂವರೆ ವರ್ಷವಾಗಿರುವುದರಿಂದ ದಾಖಲೆಯ ನಕಲನ್ನು ಈಗಲೇ ಕೇಳಿ ಪಡೆಯುವುದು ಒಳ್ಳೆಯದು. ಎಷ್ಟು ಕೊಯ್ದಿದ್ದರು, ಎಷ್ಟು ರಕ್ತ ಹೋಗಿತ್ತು ಎಂಬುದು ಈ ಸಲದ ವೈದ್ಯರಿಗೂ ಬೇಕು. ದೂರನ್ನು ಹೆರಿಗೆಯ ನಂತರ ಕೊಡುತ್ತೇನೆಂದರೂ ತಪ್ಪಿಲ್ಲ. ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರರಲ್ಲಿ 94 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದರೆ, ಐದನೆಯದರಲ್ಲಿ ಅದು 97ಕ್ಕೆ ಏರಿತು. ತಾಯಂದಿರನ್ನು ಒಳಗೆ ಕರೆತರುವ ಕೆಲಸ ಬಹುಪಾಲು ಮುಗಿದಿದೆ, ಒಳಗೆ ಬಂದವರು ಏನನ್ನು ಅನುಭವಿಸಿದರೆಂಬುದನ್ನು ನಿಮ್ಮಂಥವರು ಬರೆದು ಕೊಟ್ಟರೆ ಮಾತ್ರ ಅಧಿಕಾರಿಗಳ ಮೇಜಿಗೆ ಅದು ತಲುಪುತ್ತದೆ.

ಆ ಬಾಗಿಲು ನೆನಪಾದರೆ ಕೈಕಾಲು ತಣ್ಣಗಾಗುತ್ತವೆ ಎಂದಿದ್ದೀರಿ. ರಾತ್ರಿ ನಿದ್ದೆ ಹತ್ತದಿದ್ದರೆ, ಅದೇ ದೃಶ್ಯ ಮತ್ತೆ ಮತ್ತೆ ಬಂದರೆ, ತಪಾಸಣೆಗೆ ಹೋಗಲು ಕಾಲೇ ಏಳದಿದ್ದರೆ, ಅದು ನಿಮ್ಮ ದುರ್ಬಲತೆಯಲ್ಲ, ಗಾಯ ಮಾಯದೆ ಉಳಿದಿದೆ ಎಂದರ್ಥ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡುತ್ತಾರೆ, ದುಡ್ಡಿಲ್ಲ. ಇದರ ಜೊತೆಗೆ ನಾನು ನನ್ನ ಬಸುರಿಯರಿಗೆ ಮಾಡಿಸುತ್ತಿದ್ದ ಒಂದು ಕೆಲಸವಿದೆ: ಹಗಲಿನಲ್ಲಿ, ಬೇನೆ ಇಲ್ಲದ ದಿನ, ಹೆರಿಗೆ ಕೋಣೆಯ ಬಾಗಿಲವರೆಗೆ ಹೋಗಿ ನಿಲ್ಲುವುದು. ಅಲ್ಲಿನ ಸಿಸ್ಟರ್ ಹೆಸರು ಕೇಳಿಕೊಳ್ಳುವುದು, ಶೌಚಾಲಯ ಎಲ್ಲಿದೆ, ಅವ್ವ ಎಲ್ಲಿ ಕೂರುತ್ತಾರೆ ಎಂದು ನೋಡಿಕೊಳ್ಳುವುದು. ಒಮ್ಮೆ ನೋಡಿದ ಕೋಣೆ ರಾತ್ರಿ ಅಷ್ಟೊಂದು ಹೆದರಿಸುವುದಿಲ್ಲ.

ಕೊನೆಯದಾಗಿ ಅಪಾಯದ ಗುರುತುಗಳು: ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಮುಖ ಬಾವು ಬರುವುದು, ರಕ್ತದ ಒತ್ತಡ 140/90 ಮುಟ್ಟುವುದು, ರಕ್ತ ಅಥವಾ ನೀರು ಹೋಗುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ದಿನ ತುಂಬಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಗಂಡನ ಫೋನಿನಲ್ಲೂ ಅವ್ವನ ಫೋನಿನಲ್ಲೂ ಹಾಕಿಡಿ. ನಿಮ್ಮ ರಕ್ತದ ಗುಂಪು ಯಾವುದು, ಊರಿನಲ್ಲಿ ಅದೇ ಗುಂಪಿನವರು ಯಾರಿದ್ದಾರೆ ಎಂದು ಈ ವಾರವೇ ವಿಚಾರಿಸಿಕೊಳ್ಳಿ.

ಮುಂದಿನ 9ರ ತಪಾಸಣೆಯ ನಂತರ ರಕ್ತ ಎಷ್ಟಕ್ಕೆ ಬಂತು, ಕಾರ್ಡಿನ ಮೇಲೆ ಅವ್ವನ ಬಗ್ಗೆ ಬರೆದುಕೊಟ್ಟರೇ ಎಂಬ ಎರಡು ಸಂಗತಿಗಳನ್ನು ದಯವಿಟ್ಟು ನನಗೆ ಬರೆದು ತಿಳಿಸಿ.